ಹಸಿರು ಮಾತಿಗೆ ಸಂಸ್ಥೆಯ ಬಲ ಬೇಕು



ಜೂನ್ 5 ಬಂದರೆ ನಮ್ಮ ಗಡಿಭಾಗದ ಶಾಲೆ, ಕಾಲೇಜು, ಕಚೇರಿಗಳಲ್ಲಿ ಸಸಿ ನೆಡುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರು ಯಾರು ಎಂಬುದು ಮಾತ್ರ ಹಲವು ಕಡೆ ನಿಶ್ಚಯವಾಗಿರುವುದಿಲ್ಲ. ಪರಿಸರದ ಕೆಲಸ ನಿಲ್ಲಬೇಕಾದರೆ ಹೊಣೆ, ಹಣ, ಲೆಕ್ಕ ಈ ಮೂರನ್ನೂ ಸಂಸ್ಥೆಯೇ ಹೊರಬೇಕು. ಮೂರು ಉದಾಹರಣೆ ನೋಡೋಣ.

ಮೊದಲನೆಯದು ಕಂಪನಿ. ಬೆಂಗಳೂರಿನ ಇನ್ಫೋಸಿಸ್ ಇಂಗಾಲ ತಟಸ್ಥವಾಗುವುದಾಗಿ 2011ರಲ್ಲಿ ಹೇಳಿ, 2020ರಲ್ಲಿ ಗುರಿ ಮುಟ್ಟಿತು. ಹೈದರಾಬಾದಿನ ಪೋಚಾರಂ ಆವರಣದಲ್ಲಿ ಒಂದೇ ಕಟ್ಟಡವನ್ನು ಎರಡು ಸಮಭಾಗ ಮಾಡಿ, ಒಂದಕ್ಕೆ ಮಾಮೂಲಿ ಎ.ಸಿ., ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಹಾಕಿ ಅಳೆದು ನೋಡಿದರು. ತಂಪು ಮಾಡಲು ಎರಡನೆಯ ಭಾಗಕ್ಕೆ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ತಗ್ಗಿಸಲಾಗದ ಇಂಗಾಲಕ್ಕೆ ಬದಲಾಗಿ ಹಳ್ಳಿಮನೆಗಳ ಜೈವಿಕ ಅನಿಲ ಘಟಕದಂಥ ಯೋಜನೆಗಳಿಗೆ ಹಣ ಕೊಟ್ಟರು.

ಎರಡನೆಯದು ವಿಶ್ವವಿದ್ಯಾಲಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆ ಇಂದು ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ನಗರದ ನಡುವೆ ಇದ್ದರೂ ಕೆರೆ ಉಳಿದು ಹಕ್ಕಿಗಳಿಗೆ ನೆಲೆಯಾಗಿದೆ. ಆದರೂ ಸುತ್ತಲಿನ ಬಡಾವಣೆಗಳ ಕೊಳಚೆ ನೀರು ಒಳಬಂದು ಕೆರೆಯನ್ನು ಕಾಡಿದ್ದುಂಟು. ಕಾಯುವ ಸಂಸ್ಥೆ ಎಷ್ಟೇ ಗಟ್ಟಿಯಾಗಿದ್ದರೂ ಊರಿನ ಸಹಕಾರವೂ ಬೇಕೆಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದು ನಮ್ಮದೇ ರಾಜ್ಯದ್ದು. ಆಂಧ್ರಪ್ರದೇಶ 2016ರಲ್ಲಿ ಆರಂಭಿಸಿದ ನೈಸರ್ಗಿಕ ಕೃಷಿ ಕಾರ್ಯಕ್ರಮವನ್ನು ರೈತು ಸಾಧಿಕಾರ ಸಂಸ್ಥ ಎಂಬ ಸರ್ಕಾರಿ ಲಾಭರಹಿತ ಕಂಪನಿ ನಡೆಸುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳ ಮೂಲಕ, ಅನುಭವಿ ರೈತರೇ ಇತರ ರೈತರಿಗೆ ಕಲಿಸುತ್ತಾರೆ. ಸರ್ಕಾರಗಳು ಬದಲಾದರೂ ಕೆಲಸ ಮುಂದುವರಿದು, 2024ರಲ್ಲಿ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಮಳೆಗೆ ಮುಂಚೆಯೇ ಹಲವು ಬಗೆಯ ಬೀಜಗಳನ್ನು ಒಣನೆಲದಲ್ಲಿ ಬಿತ್ತಿ, ನೆಲವನ್ನು ಹಸಿರಾಗಿಡುವುದು ಅದರ ಮುಖ್ಯ ಪದ್ಧತಿಗಳಲ್ಲೊಂದು.

ಇದು ನಮಗೆ ಏಕೆ ಮುಖ್ಯ? ಆದೋನಿಯ ಹತ್ತಿ ಮಾರುಕಟ್ಟೆ ನಂಬಿರುವುದು ಮಳೆಯನ್ನೇ ನೆಚ್ಚಿದ ಹೊಲಗಳನ್ನು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಆಲೂರು ಕಡೆಯ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತವೆ. ಜೊತೆಗೆ ಹೋದ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಖಾಲಿಯಾಗುವ ಬೆಂಚುಗಳಿಗೂ ಮಣ್ಣಿನ ತೇವಕ್ಕೂ ಹೀಗೆ ನೇರ ನಂಟಿದೆ.

ಆದ್ದರಿಂದ ನಿಮ್ಮೂರಿನ ಕಾಲೇಜಿಗೆ, ಜಿನ್ನಿಂಗ್ ಮಿಲ್ಲಿಗೆ, ಬ್ಯಾಂಕಿಗೆ ಮೂರು ಪ್ರಶ್ನೆ ಕೇಳಿ. ನೀರು, ವಿದ್ಯುತ್, ಕಸದ ಹೊಣೆ ಯಾವ ಹುದ್ದೆಯವರದು? ಅದಕ್ಕೆ ಬಜೆಟ್ಟಿನಲ್ಲಿ ಹಣವಿದೆಯೇ? ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆಯೇ? ಹೊಣೆ ವ್ಯಕ್ತಿಗಿಂತ ಹುದ್ದೆಗೆ ಅಂಟಿದ್ದರೆ ಮೇಲಧಿಕಾರಿ ವರ್ಗವಾದರೂ ಕೆಲಸ ನಿಲ್ಲುವುದಿಲ್ಲ.

ಇದೇ ಪ್ರಶ್ನೆಗಳು ನಮ್ಮ ಸಂಘಕ್ಕೂ ಅನ್ವಯಿಸುತ್ತವೆ. ರಾಜ್ಯೋತ್ಸವದ ಊಟಕ್ಕೆ ಪ್ಲಾಸ್ಟಿಕ್ ತಟ್ಟೆಯ ಬದಲು ಮುತ್ತುಗದ ಎಲೆ ಬಳಸುವ ನಿರ್ಧಾರ ಬಾಯಿಮಾತಲ್ಲಿ ಉಳಿಯದೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ನಿಮ್ಮ ಊರಿನ ಸಂಸ್ಥೆಗಳು ಕೊಟ್ಟ ಉತ್ತರಗಳನ್ನು ನಮಗೆ ಬರೆದು ಕಳುಹಿಸಿ.