ಎಣಿಸುವ ಸೀಸೆ, ತೂಗುವ ಬಾಟಲಿ

‘ಹಳೇ ಪೇಪರ್, ಖಾಲಿ ಸೀಸೆ’ ಎಂದು ರಾಗವಾಗಿ ಕೂಗುತ್ತ ಬರುತ್ತಿದ್ದ ಗುಜರಿಯವನ ದನಿಯನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರು ಸುಲಭವಾಗಿ ಮರೆಯಲಾರರು. ಸೈಕಲ್ಲಿನ ಹಿಂದೆ ಗೋಣಿಚೀಲ, ಕೈಯಲ್ಲೊಂದು ತಕ್ಕಡಿ. ಆ ತಕ್ಕಡಿಯ ಮೇಲೆ ಮನೆಯವರಿಗೆ ಸದಾ ಅನುಮಾನ. ಚೌಕಾಸಿಯೆಲ್ಲ ನಡೆಯುತ್ತಿದ್ದುದು ಅದರ ಸುತ್ತಲೇ. ಆದರೆ ತಕ್ಕಡಿ ಬೇಕಾಗುತ್ತಿದ್ದುದು ಪೇಪರಿಗೆ, ಹಳೆಯ ಕಬ್ಬಿಣಕ್ಕೆ. ಸೀಸೆಗಳನ್ನು ಮಾತ್ರ ಎಣಿಸುತ್ತಿದ್ದರು. ದೊಡ್ಡದಕ್ಕೆ ಇಷ್ಟು, ಸಣ್ಣದಕ್ಕೆ ಇಷ್ಟು, ಬಾಯಿ ಒಡೆದಿದ್ದರೆ ಏನೂ ಇಲ್ಲ.

ಈ ಎಣಿಕೆಗೆ ಕಾರಣ ಸರಳವಾದದ್ದು. ಸೀಸೆ ಮತ್ತೆ ಸೀಸೆಯಾಗಿಯೇ ಬಳಕೆಗೆ ಬರುತ್ತಿತ್ತು. ಅದನ್ನು ಕೊಳ್ಳುವವನು ಗಾಜನ್ನು ಕೊಳ್ಳುತ್ತಿರಲಿಲ್ಲ, ಒಂದು ಪಾತ್ರೆಯನ್ನು ಕೊಳ್ಳುತ್ತಿದ್ದ. ಹಿರಮ್ ಕಾಡ್ ಎಂಬ ಆಂಗ್ಲ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ಗೋಲಿಸೋಡಾ ಸೀಸೆಯನ್ನೇ ನೋಡಬಹುದು. ಕುಡಿದವರು ಅಂಗಡಿಯ ಮುಂದೆಯೇ ನಿಂತು ಕುಡಿದು ಅಲ್ಲಿಯೇ ಒಪ್ಪಿಸಿ ಹೋಗಬೇಕು. ಮನೆಗೆ ಒಯ್ಯುವುದಾದರೆ ಸೀಸೆಯ ಬಾಬ್ತು ಹಣ ಇಟ್ಟು ಹೋಗಬೇಕು. ಡೇರಿಯ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ಕಾಲದಲ್ಲೂ ಹಾಗೆಯೇ: ತೊಳೆದ ಖಾಲಿ ಬಾಟಲಿ ಕೊಟ್ಟವರಿಗೆ ತುಂಬಿದ ಬಾಟಲಿ. ಸೀಸೆಯನ್ನು ಹಿಂದಿರುಗಿಸಿ ಎಂದು ಯಾವ ಸರ್ಕಾರವೂ ಆಗ ಪ್ರಚಾರ ಮಾಡಬೇಕಾಗಿರಲಿಲ್ಲ.

ಇಂದು ಅದೇ ಗುಜರಿ ಅಂಗಡಿಗೆ ನೀರಿನ, ತಂಪು ಪಾನೀಯದ, ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಬಾಟಲಿಗಳನ್ನು ಒಯ್ದರೆ ಅಲ್ಲಿ ಎಣಿಕೆ ಇಲ್ಲ, ತೂಕ. ಬಾಟಲಿ ಪಾತ್ರೆಯೆಂಬ ಪದವಿಯನ್ನು ಕಳೆದುಕೊಂಡು ಬರಿಯ ಕಚ್ಚಾವಸ್ತುವಾಗಿದೆ. ಮನೆಯ ಪ್ಲಾಸ್ಟಿಕ್ ಬಾಟಲಿಗಳ ಸಂಗ್ರಹಣೆ ಏಕೆ ಇಷ್ಟು ತೊಡಕಿನದಾಯಿತು ಎಂಬುದರ ಅರ್ಧ ಉತ್ತರ ಈ ಬದಲಾವಣೆಯಲ್ಲಿದೆ.

ಪೆಟ್ ಎಂದು ಕರೆಯುವ ಈ ಪ್ಲಾಸ್ಟಿಕ್‌ನ ಪೂರ್ಣ ಹೆಸರು ಪಾಲಿಎಥಿಲೀನ್ ಟೆರೆಫ್ತಲೇಟ್. ಅದು ಹುಟ್ಟಿದ್ದು ಬಾಟಲಿಗಾಗಿ ಅಲ್ಲ, ಬಟ್ಟೆಗಾಗಿ. ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಬಟ್ಟೆ ಮುದ್ರಣ ಸಂಸ್ಥೆಯಲ್ಲಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ 1941ರಲ್ಲಿ ಇದರಿಂದ ನೂಲು ತೆಗೆದರು. ಅದೇ ಟೆರಿಲೀನ್. ಒಂದು ಕಾಲಕ್ಕೆ ಮದುವೆ ಗಂಡಿನ ಪ್ರತಿಷ್ಠೆಯ ಲಕ್ಷಣವಾಗಿದ್ದ ಟೆರಿಕಾಟ್ ಅಂಗಿಯಲ್ಲಿ ಹತ್ತಿಯ ಜೊತೆಗಿದ್ದುದು ಇದೇ ಎಳೆ. ಮೂರು ದಶಕಗಳ ನಂತರ, 1973ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯೆತ್ ಇದರಿಂದ ಸೋಡಾದ ಒತ್ತಡ ತಡೆಯುವ ಬಾಟಲಿಗೆ ಪೇಟೆಂಟ್ ಪಡೆದರು. ಹೆಸರಾಂತ ಚಿತ್ರಕಾರ ಆಂಡ್ರೂ ವೈಯೆತ್ ಇವರ ತಮ್ಮ. ಬಿಸಿ ಮಾಡಿದ ಪೆಟ್ ಅನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದಾಗ ಅದರ ಅಣುಗಳ ಸರಪಳಿಗಳು ನೇಯ್ಗೆಯ ಹಾಸು ಹೊಕ್ಕಿನಂತೆ ಒಪ್ಪವಾಗಿ ಕೂರುತ್ತವೆ. ಕಾಗದದಷ್ಟು ತೆಳುವಾದ ಗೋಡೆಗೂ ಬಲ ಬರುವುದು ಅದರಿಂದ.

ಭಾರತದಲ್ಲಿ 1965ರಲ್ಲಿ ಮುಂಬೈಯಲ್ಲಿ ಬಿಸ್ಲೇರಿ ನೀರು ಮಾರಾಟಕ್ಕೆ ಬಂದಾಗ ಅದು ಇದ್ದುದು ಗಾಜಿನ ಬಾಟಲಿಯಲ್ಲಿ. ಪ್ಲಾಸ್ಟಿಕ್ ಬಾಟಲಿ ಮನೆಮನೆಗೆ ನುಗ್ಗಿದ್ದು ತೊಂಬತ್ತರ ದಶಕದ ಉದಾರೀಕರಣದ ಹೊತ್ತಿಗೆ. ಹಗುರ, ಒಡೆಯುವುದಿಲ್ಲ, ವಾಪಸು ಕೊಡುವ ತಾಪತ್ರಯವಿಲ್ಲ. ಮಾರುವವರಿಗೂ ಕೊಳ್ಳುವವರಿಗೂ ಇದು ವರವಾಗಿಯೇ ಕಂಡಿತು. ವಾಪಸು ಪಡೆಯುವ ತಾಪತ್ರಯ ಎಲ್ಲಿಗೂ ಹೋಗಿರಲಿಲ್ಲ. ಕಂಪನಿಯ ಹೆಗಲಿನಿಂದ ಇಳಿದು ಚಿಂದಿ ಆಯುವವರ ಹೆಗಲಿಗೆ ಹತ್ತಿತ್ತು, ಅಷ್ಟೆ.

ಆ ಹೊರೆಯ ಲೆಕ್ಕ ಸ್ವಾರಸ್ಯಕರವಾಗಿದೆ. ಒಂದು ಲೀಟರ್ ನೀರಿನ ಬಾಟಲಿಯಲ್ಲಿರುವ ಪ್ಲಾಸ್ಟಿಕ್ ಸುಮಾರು 20 ಗ್ರಾಂ. ಒಂದು ಕಿಲೋ ಆಗಬೇಕಾದರೆ 50 ಬಾಟಲಿ ಬೇಕು, ಒಂದು ಟನ್‌ಗೆ 50 ಸಾವಿರ. ನೂರು ಲೀಟರ್ ಹಿಡಿಯುವ ಗೋಣಿಚೀಲದಲ್ಲಿ ಅಪ್ಪಚ್ಚಿ ಮಾಡದ ಬಾಟಲಿಗಳು ಅರವತ್ತೋ ಎಪ್ಪತ್ತೋ ಹಿಡಿದಾವು. ಚೀಲ ಆಳೆತ್ತರ ಉಬ್ಬಿ ನಿಂತರೂ ತೂಕ ಒಂದೂವರೆ ಕಿಲೋ ಮೀರದು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಬೀದಿ ಸುತ್ತುವ ಹೆಂಗಸಿನ ಬೆನ್ನ ಮೇಲೆ ಇರುವುದು ಬಹುಪಾಲು ಗಾಳಿ. ಅವಳಿಗೆ ಹಣ ಸಿಗುವುದು ಗಾಳಿಗಲ್ಲ. ಹತ್ತು ಘನ ಮೀಟರ್ ಹಿಡಿಯುವ ಲಾರಿಗೂ ಇದೇ ಪಾಡು. ಇಡಿಯ ಬಾಟಲಿಗಳನ್ನು ತುಂಬಿದರೆ ಇನ್ನೂರು ಕಿಲೋ ಕೂಡ ಆಗುವುದಿಲ್ಲ. ಡೀಸೆಲ್ ಖರ್ಚೇ ಹುಟ್ಟದ ಮೇಲೆ ಆ ಲಾರಿಯನ್ನು ಹೊರಡಿಸುವವರು ಯಾರು? ಒತ್ತುವ ಯಂತ್ರದಲ್ಲಿ ಹಾಕಿ ಮೂಟೆ ಕಟ್ಟಿದರೆ ಅದೇ ಜಾಗದಲ್ಲಿ ಹತ್ತು ಪಟ್ಟಿಗೂ ಹೆಚ್ಚು ಮಾಲು ಹೋಗುತ್ತದೆ.

ತಮಾಷೆಯೆಂದರೆ ಬಾಟಲಿ ತಯಾರಿಸುವವರಿಗೆ ಈ ಸತ್ಯ ಮೊದಲಿನಿಂದಲೂ ಗೊತ್ತು. ಅವರು ಖಾಲಿ ಬಾಟಲಿಗಳನ್ನು ಊರಿಂದೂರಿಗೆ ಸಾಗಿಸುವುದು ಕಡಿಮೆ. ಪ್ರಯೋಗಶಾಲೆಯ ಪರೀಕ್ಷಾನಳಿಕೆಯಂತಿರುವ, ಕುತ್ತಿಗೆಯಲ್ಲಿ ತಿರುಪು ಇರುವ, ದಪ್ಪ ಗೋಡೆಯ ಸಣ್ಣ ಕೊಳವೆಗಳನ್ನು ನೀರು ತುಂಬುವ ಘಟಕಕ್ಕೆ ಕಳಿಸುತ್ತಾರೆ. ಅಲ್ಲಿ ಅದನ್ನು ಕಾಯಿಸಿ ಗಾಳಿ ಊದಿದಾಗ ಬಾಟಲಿ ಅರಳುತ್ತದೆ. ಪ್ರೀಫಾರ್ಮ್ ಎಂಬುದು ಆ ಕೊಳವೆಯ ಹೆಸರು. ಹೋಗುವಾಗ ಗಾಳಿ ಹೊರಲು ಯಾರೂ ಸಿದ್ಧರಿಲ್ಲ. ಬರುವಾಗ ಹೊರಬೇಕಾಗಿದೆ.

ಬೆಂಗಳೂರಿನಲ್ಲಿ ಈ ಹಿಂದಿರುಗುವ ದಾರಿ ಯಾರೂ ಯೋಜಿಸದೆ ತಾನಾಗಿ ಬೆಳೆದದ್ದು. ರಸ್ತೆಯಲ್ಲಿ ಆಯ್ದವರು ಬಡಾವಣೆಯ ಗುಜರಿ ಅಂಗಡಿಗೆ ಕೊಡುತ್ತಾರೆ. ಸಣ್ಣ ಅಂಗಡಿಯವನು ದೊಡ್ಡ ಗೋದಾಮಿಗೆ ಕೊಡುತ್ತಾನೆ. ಜಾಲಿ ಮೊಹಲ್ಲಾದಂಥ ಹಳೆಯ ಗುಜರಿ ಪೇಟೆಗಳಲ್ಲಿ, ಮೈಸೂರು ರಸ್ತೆಯ ನಾಯಂಡಹಳ್ಳಿಯ ಸುತ್ತಮುತ್ತ, ಬಣ್ಣ, ಜಾತಿ, ಗುಣ ನೋಡಿ ಬೇರ್ಪಡಿಸುವ ಕೆಲಸ ನಡೆಯುತ್ತದೆ. ಬಾಟಲಿಯನ್ನು ಹಿಸುಕಿ ಅದರ ಸದ್ದಿನಿಂದಲೇ ಯಾವ ಪ್ಲಾಸ್ಟಿಕ್ ಎಂದು ಹೇಳಬಲ್ಲ ಕೈಗಳು ಅಲ್ಲಿವೆ. ತಳದಲ್ಲಿ ತ್ರಿಕೋನದೊಳಗೆ ಅಚ್ಚಾಗಿರುವ ಅಂಕಿ, ಅಂದರೆ ಅಮೆರಿಕದ ಪ್ಲಾಸ್ಟಿಕ್ ಉದ್ಯಮ 1988ರಲ್ಲಿ ತಂದ ಗುರುತು, ಅವರಿಗೆ ಬೇಕಾಗಿಯೇ ಇಲ್ಲ. ಪೆಟ್‌ಗೆ 1, ಶಾಂಪೂ ಫಿನಾಯಿಲುಗಳ ಮಂದ ಬಾಟಲಿಯ ಎಚ್‌ಡಿಪಿಇಗೆ 2 ಎಂಬುದನ್ನು ತಿಳಿದುಕೊಂಡರೆ ಮನೆಯವರಿಗೆ ಉಪಯೋಗವಾದೀತು.

ಈ ದಾರಿಯ ಬಹುದೊಡ್ಡ ಶತ್ರು ಅನ್ನ ಸಾರು. ಹಸಿ ಕಸದೊಂದಿಗೆ ಬೆರೆತ ಬಾಟಲಿಯ ಬೆಲೆ ಆ ಕ್ಷಣದಲ್ಲೇ ಕುಸಿಯುತ್ತದೆ. ಬೆರಕೆ ಕಸ ಹೋಗುತ್ತಿದ್ದುದು ಮಾವಳ್ಳಿಪುರಕ್ಕೆ, ಮಂಡೂರಿಗೆ. ಅಲ್ಲಿನ ಹಳ್ಳಿಗರು ಬಾವಿಯ ನೀರು ಕೆಟ್ಟು, ನೊಣ ಮುತ್ತಿ, ಕಡೆಗೆ ರಸ್ತೆಗಿಳಿದು ಲಾರಿಗಳನ್ನು ತಡೆದಾಗ, 2012ರಲ್ಲಿ, ನಗರದ ಬೀದಿಗಳಲ್ಲಿ ಕಸ ಬೆಟ್ಟವಾಯಿತು. ಅದೇ ವರ್ಷ ಮನೆಯಲ್ಲಿಯೇ ಕಸ ವಿಂಗಡಿಸುವುದನ್ನು ಕಡ್ಡಾಯ ಮಾಡಲಾಯಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ತೆರೆದವು. ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ನೀಡಿದ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲ ಎಂಬ ಪದ್ಧತಿ ಬಂತು. ಆಗಿನ ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡಿದ್ದು, ‘ಹಸಿರು ದಳ’ದಂಥ ಸಂಸ್ಥೆಗಳ ನೆರವಿನಿಂದ ಅವರಲ್ಲಿ ಹಲವರು ಈ ಒಣ ಕಸ ಕೇಂದ್ರಗಳನ್ನು ತಾವೇ ನಡೆಸತೊಡಗಿದ್ದು ಆ ವರ್ಷಗಳ ನಿಜವಾದ ಹೊಸ ಸಂಗತಿ. ನಿನ್ನೆಯವರೆಗೆ ಕಳ್ಳರೆಂದು ಅಟ್ಟಿಸಿಕೊಳ್ಳುತ್ತಿದ್ದವರು ತಕ್ಕಡಿಯ ಆಚೆ ಬದಿಗೆ ಹೋಗಿ ಕೂತರು.

ಕಾರ್ಖಾನೆಯೊಳಗೆ ಬಾಟಲಿಗೆ ಏನಾಗುತ್ತದೆ ಎಂದು ತಿಳಿದರೆ ಮನೆಯಲ್ಲಿ ಏನು ಮಾಡಬೇಕೆಂಬುದು ತಾನೇ ಹೊಳೆಯುತ್ತದೆ. ಮೊದಲು ಚೀಟಿ ಕಿತ್ತು, ಬಾಟಲಿಯನ್ನು ಉಗುರಿನಷ್ಟು ಚೂರು ಮಾಡುತ್ತಾರೆ. ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅಂಟು, ಜಿಡ್ಡು ತೊಳೆಯುತ್ತಾರೆ. ನಂತರ ನೀರಿನ ತೊಟ್ಟಿ. ಪೆಟ್ ನೀರಿಗಿಂತ ಭಾರ, ಮುಳುಗುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಬೇರೆ ಜಾತಿಯದು, ನೀರಿಗಿಂತ ಹಗುರ, ತೇಲುತ್ತದೆ. ಹೀಗೆ ಎರಡೂ ಶ್ರಮವಿಲ್ಲದೆ ಬೇರೆಯಾಗುತ್ತವೆ. ಹಾಗಾಗಿ ಮುಚ್ಚಳ ತೆಗೆದು ಎಸೆಯಬೇಕೆಂಬ ಹಳೆಯ ಸಲಹೆಗೆ ಈಗ ಅರ್ಥ ಉಳಿದಿಲ್ಲ. ಬಿಡಿ ಮುಚ್ಚಳ ಚರಂಡಿ ಸೇರುವುದೇ ಹೆಚ್ಚು. ಯುರೋಪ್ ಒಕ್ಕೂಟದಲ್ಲಂತೂ 2024ರ ಜುಲೈಯಿಂದ ಮೂರು ಲೀಟರ್‌ವರೆಗಿನ ಪಾನೀಯದ ಬಾಟಲಿಗಳಿಗೆ ಮುಚ್ಚಳ ಅಂಟಿಕೊಂಡೇ ಇರಬೇಕು.

ತೊಟ್ಟಿಯ ಜಾಣತನ ಎಲ್ಲ ಕಡೆಯೂ ನಡೆಯುವುದಿಲ್ಲ. ಪಿವಿಸಿಯ ಭಾರ ಹೆಚ್ಚುಕಡಿಮೆ ಪೆಟ್‌ನಷ್ಟೇ. ಎರಡೂ ಒಟ್ಟಿಗೆ ಮುಳುಗುತ್ತವೆ. ಕೆಲವು ಬಾಟಲಿಗಳಿಗೆ ಮೈತುಂಬ ಬಿಗಿಯಾಗಿ ಹೊದಿಸುವ ಬಣ್ಣದ ಕವಚ ಹಲವೊಮ್ಮೆ ಇದೇ ಪಿವಿಸಿ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟರೊಳಗೆ ಪಿವಿಸಿ ಕೊಳೆತು ಹೈಡ್ರೋಕ್ಲೋರಿಕ್ ಆಮ್ಲ ಉಗುಳಿ ಇಡೀ ಪಾಕವನ್ನು ಕಪ್ಪಗೆ ಮಾಡುತ್ತದೆ. ಪಾಯಸದ ಕೊಪ್ಪರಿಗೆಗೆ ಒಂದು ಹಿಡಿ ಉಪ್ಪು ಬಿದ್ದಂತೆ. ಇನ್ನು ತೇವ. ಚೂರುಗಳನ್ನು ಚೆನ್ನಾಗಿ ಒಣಗಿಸದೆ ಕರಗಿಸಿದರೆ ನೀರೇ ಅಣುಗಳ ಸರಪಳಿಯನ್ನು ಕತ್ತರಿಸಿ ಹಾಕುತ್ತದೆ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಬಣ್ಣದ ಬಾಟಲಿಗೆ ಬೆಲೆ ಕಡಿಮೆ, ಏಕೆಂದರೆ ಹಸಿರಿನಿಂದ ಹಸಿರು ಮಾತ್ರ ಬರುತ್ತದೆ. ಉತ್ತರ ಅಮೆರಿಕದಲ್ಲಿ ಸ್ಪ್ರೈಟ್ 2022ರಲ್ಲಿ ತನ್ನ ಹಳೆಯ ಹಸಿರು ಬಾಟಲಿಯನ್ನು ಬಿಟ್ಟು ಬಿಳಿ ಬಾಟಲಿಗೆ ಬಂದದ್ದು ಇದೇ ಕಾರಣಕ್ಕೆ.

ಹೀಗಾಗಿ ಮನೆಯಲ್ಲಿ ಆಗಬೇಕಾದ್ದು ಸ್ವಲ್ಪವೇ. ಬಾಟಲಿಯನ್ನು ಬರಿದು ಮಾಡಿ ಒಮ್ಮೆ ಗಲಬರಿಸಬೇಕು. ಇದಕ್ಕೆ ಕಾವೇರಿ ನೀರು ಸುರಿಯಬೇಕಾಗಿಲ್ಲ, ಪಾತ್ರೆ ತೊಳೆದು ಉಳಿದ ನೀರು ಸಾಕು. ಒಣಗಿದ ಮೇಲೆ ತುಳಿದು ಅಪ್ಪಚ್ಚಿ ಮಾಡಿ, ಕೂಡಲೇ ಮುಚ್ಚಳ ತಿರುಗಿಸಬೇಕು. ಇಲ್ಲವಾದರೆ ಮತ್ತೆ ಗಾಳಿ ಎಳೆದುಕೊಂಡು ಉಬ್ಬುತ್ತದೆ. ಬಣ್ಣದ ಕವಚವಿದ್ದರೆ ಹರಿದು ತೆಗೆಯುವುದು ಒಳ್ಳೆಯದು. ಎಣ್ಣೆ ಬಾಟಲಿಯನ್ನು ತಲೆಕೆಳಗಾಗಿ ಒಂದು ರಾತ್ರಿ ಇಟ್ಟು ಬಸಿಯಬೇಕು. ಕೀಟನಾಶಕದ, ಆಸಿಡ್‌ನ ಬಾಟಲಿ ಮಾತ್ರ ಇವುಗಳ ಜೊತೆ ಸೇರಲೇಬಾರದು. ಅದನ್ನು ಬರಿಗೈಯಲ್ಲಿ ಎತ್ತಿಕೊಳ್ಳುವವರು ಒಬ್ಬರಿದ್ದಾರೆ. ವಾರಕ್ಕೊಂದು ಚೀಲ ತುಂಬಿಸುತ್ತಿದ್ದ ಮನೆ ಹೀಗೆ ಮಾಡಿದರೆ ತಿಂಗಳಿಗೊಂದು ಚೀಲ ಕೊಟ್ಟರೆ ಸಾಕಾಗುತ್ತದೆ. ನಾಲ್ಕು ಸಲ ಬರುವ ಗಾಡಿ ಒಂದೇ ಸಲ ಬಂದರಾಯಿತು.

ಹೀಗೆ ಬಂದ ಬಾಟಲಿ ಏನಾಗುತ್ತದೆ? ನಮ್ಮ ದೇಶದಲ್ಲಿ ಇದುವರೆಗೆ ಹೆಚ್ಚಿನ ಪಾಲು ಮರಳಿ ನೂಲಾಗಿದೆ: ದಿಂಬಿನ ತುಂಬುವಿಕೆ, ಜಮಖಾನ, ಟೀ ಷರ್ಟು. ಬಟ್ಟೆಯಾಗಿ ಹುಟ್ಟಿದ್ದು ಬಾಟಲಿಯ ವೇಷ ತೊಟ್ಟು ಮತ್ತೆ ಬಟ್ಟೆಯಾಯಿತು. ಆದರೆ ಬೆರಕೆ ನೂಲಿನ ಬಟ್ಟೆಯನ್ನು ಮತ್ತೊಮ್ಮೆ ಕರಗಿಸುವುದು ಬಲು ಕಷ್ಟ, ಪಯಣ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಬಾಟಲಿ ಮತ್ತೆ ಬಾಟಲಿಯೇ ಆದರೆ ಮಾತ್ರ ಚಕ್ರ ತಿರುಗುತ್ತದೆ. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ 2022ರ ತಿದ್ದುಪಡಿ, ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ಗಳಲ್ಲಿ 2025-26ರಿಂದ ಶೇ 30ರಷ್ಟು ಮರುಬಳಕೆಯ ವಸ್ತು ಇರಬೇಕೆಂಬ ಗುರಿ ಇಟ್ಟಿತು. ಆಹಾರ ತುಂಬುವ ಬಾಟಲಿಗೆ ಬೇಕಾದಷ್ಟು ಶುಚಿಯಾದ ಮಾಲು ಬೆರಕೆ ಕಸದ ಗುಡ್ಡದಿಂದ ಹುಟ್ಟುವುದಿಲ್ಲ. ಬೇಡಿಕೆ ಕಾರ್ಖಾನೆಯಲ್ಲಿ ಏರಿದರೂ ಅದರ ಕೀಲಿಕೈ ಇರುವುದು ಅಡುಗೆಮನೆಯಲ್ಲಿ.

ಇನ್ನೊಂದು ದಾರಿಯೆಂದರೆ ತೂಕವನ್ನು ಬಿಟ್ಟು ಮತ್ತೆ ಎಣಿಕೆಗೆ ಮರಳುವುದು. ಜರ್ಮನಿ 2003ರ ಜನವರಿ 1ರಿಂದ, ಒಮ್ಮೆ ಬಳಸಿ ಬಿಡುವ ಪಾನೀಯದ ಬಾಟಲಿಗಳಿಗೆ 25 ಸೆಂಟ್ ಠೇವಣಿ ಹಾಕಿತು. ಅಂಗಡಿಯ ಯಂತ್ರಕ್ಕೆ ಬಾಟಲಿ ತಿನ್ನಿಸಿದರೆ ಹಣ ವಾಪಸು. ಅಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಬಾಟಲಿಗಳು ಮರಳಿ ಬರುತ್ತವೆ. ಯಂತ್ರ ಪಟ್ಟಿಸಂಕೇತ ಓದಬೇಕಾದ್ದರಿಂದ ಬಾಟಲಿಯನ್ನು ತುಳಿದು ಒಯ್ದರೆ ಕಾಸಿಲ್ಲ ಎಂಬುದು ಬೇರೆ ಮಾತು. ನಮ್ಮ ನೆರೆಯ ನೀಲಗಿರಿ ಜಿಲ್ಲೆಯಲ್ಲಿಯೂ ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ 2022ರಲ್ಲಿ ಮದ್ಯದ ಸೀಸೆಗೆ ಹತ್ತು ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಸೀಸೆ ತಂದವರಿಗೆ ಹಿಂದಿರುಗಿಸುವ ಪದ್ಧತಿ ಬಂತು. ಆನೆಯ ಕಾಲಿಗೆ ಚುಚ್ಚುತ್ತಿದ್ದ ಗಾಜು ಕಾಡಿನಿಂದ ಅಂಗಡಿಗೆ ಹಿಂದಿರುಗತೊಡಗಿತು.

ಇಂಥ ಠೇವಣಿ ಪ್ಲಾಸ್ಟಿಕ್ ಬಾಟಲಿಗೂ ಬರಲಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಎಲ್ಲ ಬಾಟಲಿಗಳೂ ಮಾಲ್‌ಗಳ ಯಂತ್ರಕ್ಕೆ ಹೋಗಿ, ಕೊಂಡವರ ಕಿಸೆಗೇ ಹಣ ಮರಳಿದರೆ, ಚೀಲದಲ್ಲಿ ಗಾಳಿ ಹೊತ್ತು ಈವರೆಗೆ ಈ ನಗರಗಳ ಬಾಟಲಿಗಳನ್ನು ಉಳಿಸಿದ ಕೈಗಳಿಗೆ ಉಳಿಯುವುದು ಬೆಲೆಯಿಲ್ಲದ ಕವರುಗಳು ಮಾತ್ರ. ಆಯುವವರ ಚೀಲದಲ್ಲಿ ಅಷ್ಟಿಷ್ಟು ಕಾಸು ಹುಟ್ಟಿಸುವ ಸರಕುಗಳಲ್ಲಿ ಪೆಟ್ ಮುಖ್ಯವಾದದ್ದು. ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಹೇಳಿದ್ದು ಇದೇ ಅಳುಕಿನಿಂದ. ಒಣ ಕಸ ಕೇಂದ್ರಗಳನ್ನೇ ಠೇವಣಿ ಹಿಂದಿರುಗಿಸುವ ಜಾಗ ಮಾಡಿ, ಪ್ರತಿ ಬಾಟಲಿಗೆ ಇಷ್ಟೆಂದು ನಿರ್ವಹಣೆಯ ಹಣವನ್ನು ಅವುಗಳನ್ನು ನಡೆಸುವವರಿಗೆ ಕೊಡುವುದು ಅಸಾಧ್ಯವೇನಲ್ಲ. ಠೇವಣಿ ಇರುವ ದೇಶಗಳಲ್ಲಿ ಅಂಗಡಿಗಳಿಗೆ ಇಂಥ ನಿರ್ವಹಣೆಯ ಹಣ ಕೊಡುವ ಪದ್ಧತಿ ಹಲವೆಡೆ ಇದೆ.

ಜರ್ಮನಿಯ ನಗರಗಳಲ್ಲೂ ಬಾಟಲಿ ಆಯ್ದು ಬದುಕುವ ಬಡವರಿದ್ದಾರೆ, ಅವರಲ್ಲಿ ಪಿಂಚಣಿ ಸಾಲದ ವೃದ್ಧರೂ ಉಂಟು. ಅಲ್ಲಿ ಅನೇಕರು ರಸ್ತೆಯಲ್ಲಿ ಕುಡಿದು ಮುಗಿಸಿದ ಬಾಟಲಿಯನ್ನು ಕಸದ ತೊಟ್ಟಿಯೊಳಗೆ ಹಾಕುವುದಿಲ್ಲ. ಮುಂದೆ ಬರುವವರು ತೊಟ್ಟಿಗೆ ಕೈಹಾಕಿ ತಡಕಾಡಬೇಕಾಗದಿರಲಿ ಎಂದು ಪಕ್ಕದಲ್ಲಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಹೋಗುತ್ತಾರೆ.