ಹಬ್ಬದ ವೈನೂ ಬಲಿಪೀಠದ ದ್ರಾಕ್ಷಾರಸವೂ



ಗೆಜ್ಜಲಗೆರೆಯ ಸುತ್ತಮುತ್ತ ಕಬ್ಬು, ಭತ್ತ, ತೆಂಗು ಬೆಳೆಯುವ ನಮಗೆ ದ್ರಾಕ್ಷಿ ತೋಟ ದೂರದ ಮಾತು. ಆದರೂ ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಅನೇಕ ಮನೆಗಳಲ್ಲಿ ಭರಣಿ ತೊಳೆದು, ಕಪ್ಪು ದ್ರಾಕ್ಷಿ ಕಿವುಚಿ ವೈನ್ ಹಾಕುತ್ತೇವೆ. ಇಷ್ಟು ಮಡಿಯಿಂದ ಮಾಡಿದ ವೈನನ್ನು ಬಲಿಪೂಜೆಗೆ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ಉತ್ತರ ಹಣ್ಣಿನ ಗುಣದಲ್ಲೇ ಇದೆ.

ನಾವು ಹೆಚ್ಚಾಗಿ ಬಳಸುವುದು ಬೆಂಗಳೂರು ನೀಲಿ ದ್ರಾಕ್ಷಿ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಈ ತಳಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇದರ ಪರಿಮಳ ಗಾಢ, ಹುಳಿ ಹೆಚ್ಚು. ವೈನಿಗೆಂದೇ ಬೆಳೆಯುವ ತಳಿಗಳಷ್ಟು ಸಿಹಿ ಇದಕ್ಕಿಲ್ಲ. ರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇಕಡಾ 1ರಷ್ಟು ಮದ್ಯಸಾರ. ಹಣ್ಣಿನ ಸಿಹಿ ಸಾಲದಿರುವುದರಿಂದ ನಾವು ಸಕ್ಕರೆ ಸುರಿಯುತ್ತೇವೆ. ಜೊತೆಗೆ ಗೋಧಿ, ಲವಂಗ, ಚಕ್ಕೆ.

ಇಟಲಿಯ ಟಸ್ಕನಿ ಪ್ರಾಂತ್ಯದವರು ಸಿಹಿಗೆ ಬೇರೆ ದಾರಿ ಹಿಡಿದರು. ಅಲ್ಲಿನ 'ವಿನ್ ಸಾಂತೊ', ಅಂದರೆ ಪವಿತ್ರ ದ್ರಾಕ್ಷಾರಸಕ್ಕೆ ಟ್ರೆಬ್ಬಿಯಾನೊ, ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿಗಳನ್ನು ತಿಂಗಳುಗಟ್ಟಲೆ ನೇತುಹಾಕಿ ಅಥವಾ ಚಾಪೆಯ ಮೇಲೆ ಹರಡಿ ಒಣಗಿಸುತ್ತಾರೆ. ನೀರು ಆರಿ ಸಿಹಿ ಗಟ್ಟಿಯಾಗುತ್ತದೆ. ಹಿಂಡಿದ ರಸ ಚಿಕ್ಕ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗುತ್ತದೆ. ಆ ಸಿಹಿಯೆಲ್ಲ ದ್ರಾಕ್ಷಿಯದೇ.

ಧರ್ಮಸಭೆ ಕೇಳುವುದೂ ಇದನ್ನೇ. 1983ರ ಧರ್ಮಸಭಾ ಕಾನೂನಿನ 924ನೇ ವಿಧಿಯಂತೆ ದ್ರಾಕ್ಷಾರಸವು ಸಹಜವಾದುದೂ ದ್ರಾಕ್ಷಿಯಿಂದಲೇ ಆದುದೂ ಕೆಡದಿರುವುದೂ ಆಗಿರಬೇಕು. ಬೇರಾವ ಪದಾರ್ಥವೂ ಬೆರೆತಿರಬಾರದೆಂದು ವ್ಯಾಟಿಕನ್ 2004ರಲ್ಲಿ ಸ್ಪಷ್ಟಪಡಿಸಿತು. 2017ರಲ್ಲಿ ಇದರ ಮೇಲೆ ನಿಗಾ ಇಡುವಂತೆ ಧರ್ಮಾಧ್ಯಕ್ಷರುಗಳಿಗೆ ಪತ್ರ ಬರೆಯಿತು. ಪೂಜೆಯಲ್ಲಿ ಗುರುಗಳು ಬೆರೆಸುವ ನೀರಿನ ಹನಿ ಆರಾಧನಾ ವಿಧಿಗೇ ಸೇರಿದ್ದು.

ಡೇರಿಗೆ ಹಾಲು ಹಾಕುವ ನಮಗೆ ಇದು ಕಷ್ಟದ ಪಾಠವಲ್ಲ. ಹಾಲಿಗೆ ಸೇರಿದ ನೀರು ಎಷ್ಟೇ ಶುದ್ಧವಾಗಿದ್ದರೂ ಅದು ಹಾಲಾಗುವುದಿಲ್ಲ. ಹಾಗೆಯೇ ನಮ್ಮ ಕಬ್ಬಿನ ಸಕ್ಕರೆ ಎಷ್ಟೇ ಒಳ್ಳೆಯದಾದರೂ ಅದು ದ್ರಾಕ್ಷಿಯ ಫಲವಲ್ಲ.

ಹೀಗೆಂದು ಮನೆಯ ವೈನ್ ಕೀಳಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಪ್ರಭು ಆ ಮನೆಯವರ ಮಾನ ಕಾಪಾಡಿದರು. ನೆಂಟರ ಜೊತೆ ಹಂಚಿಕೊಳ್ಳುವ ಸಂತೋಷವನ್ನು ಅವರು ಬಲ್ಲರು. ಆ ವೈನ್ ಹಬ್ಬದ ಊಟಕ್ಕಿರಲಿ, ಮಿತದಲ್ಲಿರಲಿ. ಬಲಿಪೀಠಕ್ಕೆ ಬೇಕಾದ ದ್ರಾಕ್ಷಾರಸಕ್ಕೆ ನಮ್ಮ ಕೈಲಾದ ಕಾಣಿಕೆ ನೀಡೋಣ.