ಎಂಬಿಎಗೆ ಐದು ವರ್ಷ ಕಾಯಲೇಬೇಕೆ?

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಹೋಗಿ ಎಂಜಿನಿಯರಿಂಗ್ ಓದುವ ಮಕ್ಕಳಲ್ಲೂ ಅವರ ಮನೆಗಳಲ್ಲೂ ಒಂದು ನಂಬಿಕೆ ಗಟ್ಟಿಯಾಗಿದೆ. ‘ಐಐಎಂನಂಥ ಕಡೆ ಎಂಬಿಎ ಮಾಡಬೇಕಂದ್ರ ಮೊದಲ ಐದಾರು ವರ್ಷ ನೌಕರಿ ಮಾಡಿರಬೇಕು, ಈಗ ಅರ್ಜಿ ಹಾಕೂದು ಅವಸರ ಆತು’ ಎನ್ನುತ್ತಾರೆ. ಕೇಳಲು ವಿವೇಕದ ಮಾತೇ. ಆದರೆ ಪ್ರವೇಶದ ನಿಯಮ ತೆಗೆದು ನೋಡಿದರೆ ಅದಕ್ಕೆ ಆಧಾರವಿಲ್ಲ. ಹೀಗೆ ಕಾದು ಕುಳಿತವರು ಬಹಳ ಸಲ ತಮ್ಮ ವಯಸ್ಸಿನವರಿಗೆಂದೇ ಇರುವ ಕೋರ್ಸನ್ನು ಕೈಬಿಟ್ಟಂತಾಗುತ್ತದೆ.

ಗೊಂದಲ ಹುಟ್ಟುವುದು ಎರಡು ಬೇರೆ ಕೋರ್ಸುಗಳನ್ನು ಒಂದೇ ಎಂದುಕೊಳ್ಳುವುದರಿಂದ. ಐಐಎಂಗಳ ಎರಡು ವರ್ಷದ ಪೂರ್ಣಾವಧಿ ಕೋರ್ಸಿಗೆ ದಾರಿ ಕ್ಯಾಟ್ ಪರೀಕ್ಷೆ. ಅದನ್ನು ಬರೆಯಲು ಪದವಿಯಲ್ಲಿ ಶೇ. 50 ಅಂಕವಿದ್ದರೆ ಸಾಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 45. ನೌಕರಿಯ ಅನುಭವ ಕಡ್ಡಾಯವಲ್ಲ, ಪದವಿಯ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಇನ್ನೊಂದು, ಅನುಭವಿಗಳಿಗಾಗಿ ಇರುವ ಒಂದು ವರ್ಷದ ಕೋರ್ಸು. ಅಹಮದಾಬಾದಿನಲ್ಲಿ ಅದಕ್ಕೆ ಕನಿಷ್ಠ 4 ವರ್ಷ, ಬೆಂಗಳೂರಿನಲ್ಲಿ 5 ವರ್ಷ ಅನುಭವ ಬೇಕು. ನಮ್ಮ ಕಡೆ ಕಿವಿಯಿಂದ ಕಿವಿಗೆ ದಾಟುವ ‘ಐದು ವರ್ಷ’ ಬಹುಶಃ ಈ ಎರಡನೆಯ ಕೋರ್ಸಿನಿಂದ ಬಂದದ್ದು. ಅಮೆರಿಕದ ಹಾರ್ವರ್ಡ್ ಸಂಸ್ಥೆಯಂತೂ ‘2+2’ ಎಂಬ ವ್ಯವಸ್ಥೆಯನ್ನೇ ಇಟ್ಟಿದೆ: ಪದವಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿ ಸೀಟು ಖಚಿತ ಮಾಡಿಕೊಳ್ಳುವುದು, ಕನಿಷ್ಠ ಎರಡು ವರ್ಷ ಕೆಲಸ ಮಾಡಿ ಆಮೇಲೆ ತರಗತಿಗೆ ಸೇರುವುದು. ಅರ್ಜಿ ಹಾಕುವ ಹೊತ್ತು ಮತ್ತು ಸೇರುವ ಹೊತ್ತು ಒಂದೇ ಆಗಬೇಕಿಲ್ಲ ಎಂಬುದನ್ನು ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಬೇಗ ಹೋದವರು ಏನಾದರು ಎಂದು ಕೇಳಿದರೆ ಉತ್ತರ ಸವದತ್ತಿ ತಾಲ್ಲೂಕಿನಲ್ಲೇ ಇದೆ. ಬೆಳಗಾವಿಯ ನರೇಂದ್ರ ಮುರಕುಂಬಿ ಎಂಜಿನಿಯರಿಂಗ್ ಪದವಿ ಮುಗಿಸಿ, ಐಐಎಂ ಅಹಮದಾಬಾದಿನಲ್ಲಿ ಓದಿ 1994ರಲ್ಲಿ ಹೊರಬಂದರು. ತಾಯಿ ವಿದ್ಯಾ ಮುರಕುಂಬಿ ಅವರೊಂದಿಗೆ 1998ರಲ್ಲಿ ಶ್ರೀ ರೇಣುಕಾ ಶುಗರ್ಸ್ ಕೈಗೆತ್ತಿಕೊಂಡರು. ಆಂಧ್ರದಲ್ಲಿದ್ದ ನಿಜಾಮ್ ಶುಗರ್ಸ್‌ನ ಹಳೆಯ ಕಾರ್ಖಾನೆಯೊಂದನ್ನು ಕೊಂಡು, ಯಂತ್ರಗಳನ್ನು ಇದೇ ತಾಲ್ಲೂಕಿನ ಮುನವಳ್ಳಿಗೆ ತಂದು ನಿಲ್ಲಿಸಿದರು. ಕಬ್ಬು ಬೆಳೆಗಾರರೂ ಷೇರುದಾರರಾದರು. ಇನ್ನೊಬ್ಬರು ಮಂಗಳೂರಿನ ಕೆ. ವಿ. ಕಾಮತ್. ಸುರತ್ಕಲ್ಲಿನ ಕೆಆರ್‌ಇಸಿಯಲ್ಲಿ 1969ರಲ್ಲಿ ಮೆಕ್ಯಾನಿಕಲ್ ಪದವಿ, ಅಲ್ಲಿಂದ ಅಹಮದಾಬಾದ್, 1971ರಲ್ಲಿ ಐಸಿಐಸಿಐನ ಪ್ರಾಜೆಕ್ಟ್ ಫೈನಾನ್ಸ್ ವಿಭಾಗ. ಕಾರ್ಖಾನೆಗಳಿಗೆ ಸಾಲ ಕೊಡುವಾಗ ಯೋಜನೆಯನ್ನು ತೂಗಿ ನೋಡುವ ಆ ಕೆಲಸದಲ್ಲಿ ಯಂತ್ರ ಬಲ್ಲವನ ಕಣ್ಣು ಎಷ್ಟು ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಎಂಬಿಎ ಮಾಡಿದ್ರ ಎಂಜಿನಿಯರಿಂಗ್ ನೀರಾಗ ಹೋದಂಗ’ ಎನ್ನುವವರು ಈ ಎರಡು ಬದುಕುಗಳನ್ನು ಗಮನಿಸಬೇಕು.

ಅವರು ಅಪವಾದಗಳು ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಇಬ್ಬರು ಗೆದ್ದರೆಂದು ಎಲ್ಲರೂ ಗೆಲ್ಲುವುದಿಲ್ಲ. ರೇಣುಕಾ ಶುಗರ್ಸ್ ಕೂಡ 2010ರಲ್ಲಿ ಬ್ರೆಜಿಲ್‌ನ ಕಂಪನಿಗಳನ್ನು ಕೊಂಡ ಮೇಲೆ ಸಾಲದ ಹೊರೆಗೆ ಸಿಕ್ಕಿ, 2018ರಲ್ಲಿ ಸಿಂಗಪುರದ ವಿಲ್ಮರ್ ಕೈಸೇರಿತು. ದೊಡ್ಡ ಸಂಸ್ಥೆಯ ಪದವಿ ಯಾವ ಸೋಲನ್ನೂ ತಡೆಯುವ ತಾಯತವಲ್ಲ. ನನ್ನ ವಾದ ಅಷ್ಟು ದೊಡ್ಡದೂ ಅಲ್ಲ. ನೌಕರಿಯಲ್ಲಿ ವರ್ಷಗಟ್ಟಲೆ ಮಾಗದೆ ಆ ತರಗತಿಯಲ್ಲಿ ಕೂರುವಂತಿಲ್ಲ ಎಂಬ ನಂಬಿಕೆ ಸುಳ್ಳು ಎಂಬುದನ್ನಷ್ಟೇ ಈ ಎರಡು ಉದಾಹರಣೆ ತೋರಿಸುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೆಲಸದ ಬಿಸಿ ಕಾಣದವನಿಗೆ ಮ್ಯಾನೇಜ್‌ಮೆಂಟ್ ಪಾಠ ಎಷ್ಟು ಅರ್ಥವಾದೀತು? ಅನುಭವದಿಂದ ಲಾಭವಿದೆ, ನಿಜ. ಐಐಎಂ ಬೆಂಗಳೂರು ಆಯ್ಕೆಯಲ್ಲಿ ಅದಕ್ಕೆ ಅಂಕವನ್ನೂ ಕೊಡುತ್ತದೆ. ಆದರೆ ಅದು ಹಲವು ಅಂಶಗಳಲ್ಲಿ ಒಂದು. ಸಂದರ್ಶನಕ್ಕೆ ಕೂತಾಗ ಎಷ್ಟು ವರ್ಷ ಎಂಬುದಕ್ಕಿಂತ ಆ ವರ್ಷಗಳಲ್ಲಿ ಏನು ಕಂಡೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಒಂದೂವರೆ ವರ್ಷ ನೋಡಿಕೊಂಡ ಹುಡುಗಿ, ಯಂತ್ರ ಒಂದು ದಿನ ನಿಂತರೆ ಎಷ್ಟು ನಷ್ಟ, ಬಿಡಿಭಾಗ ಬರಲು ಯಾಕೆ ತಡ, ಅದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ವಿವರಿಸಬಲ್ಲಳಾದರೆ, ಐದು ವರ್ಷ ಒಂದೇ ಕೋಡ್ ತಿದ್ದುತ್ತ ಕುಳಿತವನಿಗಿಂತ ಹೇಳಲು ಅವಳಿಗೇ ಹೆಚ್ಚಿರುತ್ತದೆ. ಬೇಗ ಅರ್ಜಿ ಹಾಕಬಾರದವರೂ ಇದ್ದಾರೆ: ಈಗಿನ ನೌಕರಿ ಬೇಸರ ಎಂಬ ಒಂದೇ ಕಾರಣಕ್ಕೆ ಹೊರಟವರು. ಅವರಿಗೆ ಯಾವ ವಯಸ್ಸಿನಲ್ಲಿ ಹೋದರೂ ಅದು ದುಬಾರಿಯ ರಜೆ.

ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ ಬಂದರೆ ಸೀಟು ಸಿಕ್ಕಂತೆಯೇ ಎಂಬ ಮಾತೂ ಪೂರ್ತಿ ಸರಿಯಲ್ಲ. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ, ಬರೆದವರಲ್ಲಿ ಎಷ್ಟು ಜನರಿಗಿಂತ ಮುಂದಿದ್ದೀರಿ ಎಂಬ ಲೆಕ್ಕ. ಬೆಂಗಳೂರಿನಂಥ ಸಂಸ್ಥೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ಸೇರಿಸಿ ನೋಡುತ್ತದೆ. ಎಸ್ಸೆಸ್ಸೆಲ್ಸಿ ಅಂಕ ಕಡಿಮೆಯಾದವನು ಎಷ್ಟು ವರ್ಷ ನೌಕರಿ ಮಾಡಿದರೂ ಆ ಅಂಕ ಏರುವುದಿಲ್ಲ. ಹಳೆಯ ಅಂಕಕ್ಕೆ ಕಡಿಮೆ ತೂಕ ಕೊಡುವ ಸಂಸ್ಥೆಯನ್ನು ಹುಡುಕಬೇಕು, ಕಾಯುವುದರಲ್ಲಿ ಅರ್ಥವಿಲ್ಲ. ಕನ್ನಡ ಮಾಧ್ಯಮದವರ ಅಳುಕು ಬೇರೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇದೆ, ಆ ಕಷ್ಟವನ್ನು ಹಗುರ ಮಾಡಿ ಹೇಳುವುದು ಮೋಸ. ಆದರೆ ಮೂರು ಭಾಗಗಳಲ್ಲಿ ಭಾಷೆಯನ್ನೇ ಪರೀಕ್ಷಿಸುವುದು ಒಂದು; ಉಳಿದೆರಡು ದತ್ತಾಂಶ–ತರ್ಕ ಮತ್ತು ಗಣಿತ. ಎಂಜಿನಿಯರಿಂಗ್ ಮುಗಿಸಿದವರಿಗೆ ಅಲ್ಲಿ ನೆಲೆ ಇದೆ.

ಉಳಿದದ್ದು ದುಡ್ಡು, ಮತ್ತು ಒಕ್ಕಲುತನದ ಮನೆಗಳಲ್ಲಿ ನಿಜವಾದ ಭಯ ಇದೇ. ಬೆಂಗಳೂರು, ಅಹಮದಾಬಾದಿನ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ಮೀರುತ್ತದೆ. ‘ನೌಕರಿ ಮಾಡಿ ಕೂಡಿಟ್ಟು ಹೋಗಲಿ’ ಎಂಬುದು ಅದಕ್ಕೇ. ಲೆಕ್ಕ ಹಾಕಿದರೆ ಅದು ಹಾಗೆ ನಡೆಯುವುದಿಲ್ಲ. ಮೊದಲ ನೌಕರಿಯ ಸಂಬಳದಲ್ಲಿ ಬಾಡಿಗೆ, ಊಟ, ಮನೆಗೆ ಕಳಿಸುವುದು ಕಳೆದು ಅಷ್ಟು ಉಳಿಸುವುದು ಕಷ್ಟ. ಅಷ್ಟರಲ್ಲಿ ಸಂಬಳ ಏರಿರುತ್ತದೆ, ಬಿಟ್ಟು ಹೋದರೆ ಆಗುವ ನಷ್ಟವೂ ಏರಿರುತ್ತದೆ. ತಂಗಿಯ ಮದುವೆ, ಮನೆ ಸಾಲ ಕೊರಳಿಗೆ ಬಿದ್ದಿರುತ್ತದೆ. ಹುಡುಗಿಯರ ವಿಷಯದಲ್ಲಿ ‘ಐದು ವರ್ಷ ಆಮೇಲೆ’ ಎಂದರೆ ನಮ್ಮ ಊರುಗಳಲ್ಲಿ ಎಷ್ಟೋ ಸಲ ಎಂದಿಗೂ ಇಲ್ಲ ಎಂದೇ ಅರ್ಥ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಇತರ ಷರತ್ತುಗಳೂ ಹೊಂದಿದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯುಂಟು. ಹೊಲದ ಪಹಣಿ ಬ್ಯಾಂಕಿಗೆ ಒಯ್ಯದೆ ಮಗಳನ್ನು ಓದಿಸಲು ಇದೊಂದು ದಾರಿ. ದಿಲ್ಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಕೂಡ ಕ್ಯಾಟ್ ಅಂಕವನ್ನೇ ಒಪ್ಪುತ್ತದೆ, ಅದರ ಶುಲ್ಕ ಐಐಎಂಗಳಿಗೆ ಹೋಲಿಸಿದರೆ ತೀರಾ ಕಡಿಮೆ.

ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಗೆ, ಅರ್ಜಿ ತುಂಬುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಅಂಕ ಮುಂದಿನ ಒಂದು ಪ್ರವೇಶಕ್ಕಷ್ಟೇ ಸಲ್ಲುತ್ತದೆ. ಜಿಮ್ಯಾಟ್ ಅಂಕ 5 ವರ್ಷ ಬಾಳುತ್ತದೆ, ಆದ್ದರಿಂದ ವಿದೇಶದ ಯೋಚನೆ ಇದ್ದವರು ಅದನ್ನು ಓದಿನ ಅಭ್ಯಾಸ ಆರುವ ಮೊದಲೇ ಬರೆದಿಟ್ಟುಕೊಳ್ಳಬಹುದು. ಈ ವರ್ಷ ಏಳನೇ ಸೆಮಿಸ್ಟರಿನಲ್ಲಿರುವವರಿಗೆ ಮೊದಲ ಅವಕಾಶ ಈ ನವೆಂಬರಿನಲ್ಲೇ ಇದೆ.